ಓದು ಮುಗಿದಿದೆ, ಮೂರು ನಗರಗಳು ಮನಸ್ಸಿನಲ್ಲಿವೆ. ಯಾವುದಕ್ಕೆ ಹೋಗಿ ನೆಲೆಸುವುದು ಅಂತ ಹೇಗೆ ತೀರ್ಮಾನಿಸಲಿ?

ನಿಮಗೆ 24 ವರ್ಷ, ಮೂರು ಊರುಗಳಲ್ಲೂ ಹತ್ತಿರದವರು ಯಾರೂ ಇಲ್ಲ. ಹತ್ತು ವಿಷಯಗಳಿಗೆ ಅಂಕ ಕೊಟ್ಟು ಪಟ್ಟಿ ಮಾಡಿದರೆ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಮೊತ್ತ ಬರುತ್ತಿದೆ ಎಂದು ಬರೆದಿದ್ದೀರಿ. ಆ ಪಟ್ಟಿಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ತೊಡಕು ಅಲ್ಲೇ ಇದೆ.

ಅಂಕಗಳನ್ನು ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತದೆ. ಉದ್ಯಾನಕ್ಕೆ ಒಂಬತ್ತು, ಸಂಗೀತ ಸಿನಿಮಾಗಳಿಗೆ ಒಂಬತ್ತು ಬಂದ ಊರು, ಕೆಲಸದ ವಿಷಯದಲ್ಲಿ ಎರಡೇ ಅಂಕ ಪಡೆದಿದ್ದರೂ ಪಟ್ಟಿಯಲ್ಲಿ ಮೇಲೇ ನಿಲ್ಲುತ್ತದೆ. ಆದರೆ ಬಾಡಿಗೆ ಕಟ್ಟಲು ಕೈಯಲ್ಲಿ ಕಾಸಿಲ್ಲದ ತಿಂಗಳು ಉದ್ಯಾನ ನೆರವಿಗೆ ಬರುವುದಿಲ್ಲ. ಆದ್ದರಿಂದ ಮೊದಲು ಕೂಡಬೇಡಿ, ಸೋಸಿ. ಇದಿಲ್ಲದಿದ್ದರೆ ಆಗುವುದೇ ಇಲ್ಲ ಎನ್ನುವ ಮೂರು ಷರತ್ತುಗಳನ್ನು ಬರೆದುಕೊಳ್ಳಿ, ಮೂರಕ್ಕಿಂತ ಹೆಚ್ಚು ಬೇಡ. ಪ್ರತಿಯೊಂದಕ್ಕೂ ಅಳೆಯಬಹುದಾದ ಗೆರೆ ಇರಲಿ. 'ಓಡಾಟ ಸುಲಭವಿರಬೇಕು' ಎಂದು ಬರೆದರೆ ಪ್ರಯೋಜನವಿಲ್ಲ, 'ಮನೆ ಬಾಗಿಲಿನಿಂದ ಕಚೇರಿ ಬಾಗಿಲಿಗೆ 30 ನಿಮಿಷದೊಳಗೆ' ಎಂದು ಬರೆಯಿರಿ. ಗೆರೆ ದಾಟದ ಊರನ್ನು ಅಲ್ಲೇ ಬಿಡಿ. ಉಳಿದವುಗಳನ್ನು ಮಾತ್ರ ಹೋಲಿಸಿ.

ಕೆಲಸದ ವಿಷಯದಲ್ಲಿ ಎಲ್ಲರೂ ನೋಡುವುದು ಈಗ ಕೈಯಲ್ಲಿರುವ ಒಂದು ಕೆಲಸವನ್ನು. ನೀವು ನೋಡಬೇಕಾದದ್ದು ಎರಡನೆಯದನ್ನು. ಈಗಿನ ನಿಮ್ಮ ಕಲಿಕೆಯಲ್ಲೇ ನಾಳೆ ಬೆಳಗ್ಗೆ ಅರ್ಜಿ ಹಾಕಬಹುದಾದ ಸಂಸ್ಥೆಗಳು ಆ ಊರಲ್ಲಿ ಎಷ್ಟಿವೆ ಎಂದು ಹೆಸರು ಹಿಡಿದು ಎಣಿಸಿ. ಹತ್ತು ದಾಟಿದರೆ ನಿಶ್ಚಿಂತೆ. ಒಂದೋ ಎರಡೋ ಇದ್ದರೆ, ಕೆಲಸ ಹೋದ ದಿನವೇ ಊರೂ ಕೈಬಿಡುತ್ತದೆ. ಆ ಭಯದಲ್ಲಿ ಸಂಬಳ ಏರಿಸಿ ಎಂದು ಕೇಳುವ ಧೈರ್ಯವೂ ಬರುವುದಿಲ್ಲ. ಸಂಪೂರ್ಣ ಮನೆಯಿಂದಲೇ ಮಾಡುವ ಕೆಲಸವಾದರೂ ಈ ಎಣಿಕೆ ಬಿಡಬೇಡಿ, ಕಚೇರಿಗೆ ಬನ್ನಿ ಎನ್ನುವ ಪತ್ರ ಯಾವಾಗ ಬೇಕಾದರೂ ಬರಬಹುದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ನೀವು ಬದುಕುವುದು ನಗರದಲ್ಲಲ್ಲ, ಒಂದು ಮನೆ, ಅಲ್ಲಿಂದ ಕೆಲಸಕ್ಕೆ ಹೋಗುವ ದಾರಿ, ಸುತ್ತಲಿನ ಹದಿನೈದು ನಿಮಿಷದ ನಡಿಗೆ, ಇಷ್ಟರಲ್ಲಿ. ಉಳಿದ ನಗರವನ್ನು ನೀವು ನೋಡುವುದು ರಜೆಯಲ್ಲಿ. ಒಂದೇ ಊರಿನ ಎರಡು ಬಡಾವಣೆಗಳ ನಡುವಿನ ವ್ಯತ್ಯಾಸ ಎಷ್ಟೋ ಸಲ ಎರಡು ಊರುಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. 'ಆ ಊರು ಹೇಗೆ' ಎಂದು ಕೇಳುವ ಬದಲು 'ಆ ಊರಿನ ಈ ಬಡಾವಣೆ ನನ್ನ ಕೆಲಸಕ್ಕೆ ಹೇಗೆ' ಎಂದು ಕೇಳಿದರೆ ಉತ್ತರಗಳು ತಾವಾಗಿಯೇ ಖಚಿತವಾಗುತ್ತವೆ.

ಲೆಕ್ಕ ಹಾಕಿ ನೋಡಿ. ಕೈಗೆ ಬರುವ ಸಂಬಳ 100 ಎಂದಿಟ್ಟುಕೊಳ್ಳಿ. ಕಚೇರಿಗೆ ಹತ್ತಿರದ ಮನೆಗೆ ಬಾಡಿಗೆ 36, ಓಡಾಟಕ್ಕೆ 2, ಒಟ್ಟು 38. ದೂರದ ಮನೆಗೆ ಬಾಡಿಗೆ 26, ಓಡಾಟಕ್ಕೆ 8, ಒಟ್ಟು 34. ಬಾಡಿಗೆಯಲ್ಲಿ 10 ಉಳಿಯಿತು ಅನ್ನಿಸುತ್ತದೆ, ನಿಜವಾಗಿ ಉಳಿಯುವುದು 4. ಈಗ ಸಮಯ ನೋಡಿ. ದೂರದ ಮನೆಯಿಂದ ಒಂದು ಕಡೆಗೆ 45 ನಿಮಿಷ, ಹತ್ತಿರದ್ದರಿಂದ 15. ತಿಂಗಳಿಗೆ 22 ಕೆಲಸದ ದಿನ ಹಿಡಿದರೆ ಒಂದರಲ್ಲಿ 33 ಗಂಟೆ, ಇನ್ನೊಂದರಲ್ಲಿ 11. ಆ 4ನ್ನು ಉಳಿಸಲು ತಿಂಗಳಿಗೆ 22 ಗಂಟೆ ಕೊಡುತ್ತಿದ್ದೀರಿ. ದಿನಕ್ಕೆ ಎಂಟು ಗಂಟೆಯಂತೆ 176 ಗಂಟೆ ದುಡಿದು 100 ಗಳಿಸುವವರಿಗೆ 22 ಗಂಟೆಯ ಬೆಲೆ 12.5. ವರ್ಷಕ್ಕೆ ಅದು 264 ಗಂಟೆ, ಅಂದರೆ 33 ಕೆಲಸದ ದಿನ. ಹೊಸ ಊರಲ್ಲಿ ಗೆಳೆತನ, ವ್ಯಾಯಾಮ, ನಿದ್ದೆ ಎಲ್ಲವೂ ಆಗಬೇಕಾದದ್ದು ಇದೇ ಗಂಟೆಗಳಲ್ಲಿ. ಬಾಡಿಗೆ, ವಿದ್ಯುತ್, ನೀರು, ಇಂಟರ್ನೆಟ್, ಓಡಾಟ ಎಲ್ಲ ಸೇರಿ 45 ದಾಟದಿದ್ದರೆ ಸಾಕು. ಅಷ್ಟರೊಳಗೆ ಹತ್ತಿರದ ಮನೆಯನ್ನೇ ಹಿಡಿಯಿರಿ, ಕೋಣೆ ಚಿಕ್ಕದಾದರೂ ಸರಿ.

ಬಾಡಿಗೆ ಅಂದಾಜಿಸುವಾಗ ಜಾಹೀರಾತಿನ ದರವನ್ನೇ ನಂಬಬೇಡಿ. ಸರಿಯಾದ ದರದ ಮನೆ ಎರಡು ದಿನದಲ್ಲಿ ಹೋಗುತ್ತದೆ, ದುಬಾರಿಯದು ತಿಂಗಳುಗಟ್ಟಲೆ ಜಾಹೀರಾತಿನಲ್ಲೇ ಇರುತ್ತದೆ. ಹಾಗಾಗಿ ಯಾವುದೋ ಒಂದು ದಿನ ತೆರೆದು ನೋಡಿದರೆ ಕಣ್ಣಿಗೆ ಬೀಳುವುದರಲ್ಲಿ ದುಬಾರಿಯವೇ ಹೆಚ್ಚು. ಎರಡು ವಾರ ದಿನವೂ ನೋಡಿ, ಬೇಗ ಮಾಯವಾದ ಮನೆಗಳ ದರ ಗುರುತು ಹಾಕಿಕೊಳ್ಳಿ, ನಿಜವಾದ ದರ ಅದು. ಸುತ್ತಲಿನ ಮನೆಗಳಿಗಿಂತ ಬಹಳ ಅಗ್ಗ, ಚಂದದ ಫೋಟೊ, 'ಮಾಲೀಕರು ಊರಲ್ಲಿಲ್ಲ, ಮುಂಗಡ ಕಳಿಸಿದರೆ ಕೀಲಿ ಕಳಿಸುತ್ತೇವೆ' ಎಂಬ ಮಾತು, ಈ ಮೂರೂ ಒಟ್ಟಿಗೆ ಕಂಡರೆ ಅದು ಮೋಸ ಎಂದೇ ತಿಳಿಯಿರಿ. ಮನೆಯೊಳಗೆ ಕಾಲಿಡದೆ, ಬಾಡಿಗೆಗೆ ಕೊಡುವ ಹಕ್ಕು ಅವರಿಗಿದೆ ಎಂಬ ಕಾಗದ ನೋಡದೆ ಒಂದು ಪೈಸೆಯನ್ನೂ ಕಳಿಸಬೇಡಿ.

ಹವಾಮಾನಕ್ಕೆ ಜನ ಕೊಡುವಷ್ಟು ತೂಕ ಅದಕ್ಕಿಲ್ಲ. 1998ರಲ್ಲಿ ಸಂಶೋಧಕರಾದ ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾಹ್ನೆಮನ್ ಅಮೆರಿಕದ ಎರಡು ಭಾಗಗಳ ವಿದ್ಯಾರ್ಥಿಗಳನ್ನು ಕೇಳಿದ್ದರು. ಹಿತವಾದ ಹವೆಯ ಕ್ಯಾಲಿಫೋರ್ನಿಯಾದಲ್ಲಿ ಇರುವವರೇ ಹೆಚ್ಚು ತೃಪ್ತರು ಎಂದು ಎರಡೂ ಕಡೆಯವರು ಊಹಿಸಿದರು. ತಂತಮ್ಮ ಬದುಕಿನ ತೃಪ್ತಿಯ ಬಗ್ಗೆ ಕೇಳಿದಾಗ ಮಾತ್ರ ಇಬ್ಬರ ಉತ್ತರವೂ ಒಂದೇ ಮಟ್ಟದಲ್ಲಿತ್ತು. ದೂರದ ಬೆಟ್ಟ ನುಣ್ಣಗೆ ಎನ್ನುವುದು ಸುಮ್ಮನಲ್ಲ. ಆದರೂ ಮೂರು ಅಂಕಿಗಳನ್ನು ನೋಡಲೇಬೇಕು, ಅವೂ ವರ್ಷದ ಸರಾಸರಿ ಅಲ್ಲ, ಅತಿ ಕೆಟ್ಟ ತಿಂಗಳಿನವು. ಒಂದು, ಬೇಸಿಗೆಯ ರಾತ್ರಿಯ ಕನಿಷ್ಠ ಉಷ್ಣಾಂಶ ಮತ್ತು ತೇವಾಂಶ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರದೆ ನಿದ್ದೆ ಕೆಡುತ್ತದೆ. ಎರಡು, ಚಳಿಗಾಲದ ಹಗಲಿನ ಅವಧಿ. 60 ಡಿಗ್ರಿ ಅಕ್ಷಾಂಶದ ಊರಲ್ಲಿ ಅತಿ ಚಿಕ್ಕ ಹಗಲು ಆರು ಗಂಟೆಗೂ ಕಡಿಮೆ, ಕೆಲಸದ ದಿನಗಳಲ್ಲಿ ಬಿಸಿಲು ಮುಖಕ್ಕೆ ಬೀಳದೇ ಹೋಗಬಹುದು. ಮೂರು, ಗಾಳಿಯಲ್ಲಿನ ಪಿಎಂ 2.5 ಸೂಕ್ಷ್ಮ ಕಣಗಳು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ವರ್ಷದ ಸರಾಸರಿಗೆ ಘನ ಮೀಟರ್‌ಗೆ 5 ಮೈಕ್ರೋಗ್ರಾಂ, 24 ಗಂಟೆಗೆ 15. ಎಷ್ಟೋ ನಗರಗಳು ಇದನ್ನು ದಾಟಿರುತ್ತವೆ, ಎಷ್ಟು ಪಟ್ಟು ದಾಟಿವೆ ಎನ್ನುವುದನ್ನು ಹೋಲಿಸಿ. ಉಬ್ಬಸ ಇರುವವರಿಗೆ ಇದು ಸೋಸುವ ಷರತ್ತುಗಳಲ್ಲೇ ಸೇರಬೇಕು.

ಸೋಸಿ ಉಳಿದ ಊರಿಗೆ ಒಮ್ಮೆ ಹೋಗಿ ಬನ್ನಿ, ವಾರಾಂತ್ಯಕ್ಕಲ್ಲ. ಏಳರಿಂದ ಹತ್ತು ದಿನ, ಸಾಧ್ಯವಾದರೆ ಅದರ ಕೆಟ್ಟ ತಿಂಗಳಲ್ಲೇ, ಬಾಡಿಗೆಗೆ ನೋಡುತ್ತಿರುವ ಬಡಾವಣೆಯಲ್ಲೇ ಕೋಣೆ ಹಿಡಿಯಿರಿ. ಪ್ರವಾಸಿ ತಾಣಗಳಿಗೆ ಹೋಗಬೇಡಿ. ಮಂಗಳವಾರ ಬೆಳಗ್ಗೆ ಕಚೇರಿ ಹೊತ್ತಿಗೆ ಸರಿಯಾಗಿ ಹೊರಟು ಆ ದಾರಿಯನ್ನು ಕ್ರಮಿಸಿ. ಮೊದಲ ಬಸ್ಸು ತುಂಬಿ ನಿಲ್ಲದೆ ಹೋಯಿತೇ, ಬದಲಾಯಿಸುವ ನಿಲ್ದಾಣದಲ್ಲಿ ಎಷ್ಟು ಹೊತ್ತು ಕಾದಿರಿ, ಎಲ್ಲ ಬರೆದಿಡಿ. ಮ್ಯಾಪ್ ತೋರಿಸುವ ಸಮಯದಲ್ಲಿ ಈ ಕಾಯುವಿಕೆ ಪೂರ್ತಿ ಸೇರಿರುವುದಿಲ್ಲ. ಸಂಜೆ ಸುಸ್ತಾದ ಮೇಲೆ ಅದೇ ದಾರಿಯಲ್ಲಿ ವಾಪಸ್ ಬನ್ನಿ. ಒಂದು ದಿನ ಕೊನೆಯ ಬಸ್ಸಿಗೆ ಬಂದು ನಿಲ್ದಾಣದಿಂದ ಮನೆಗೆ ನಡೆಯಿರಿ; ಬೀದಿದೀಪ ಉರಿಯುತ್ತಿದೆಯೇ, ಆ ಹೊತ್ತಿಗೂ ತೆರೆದಿರುವ ಅಂಗಡಿ ಇದೆಯೇ, ಬೇರೆ ಹೆಂಗಸರು ಒಬ್ಬರೇ ಓಡಾಡುತ್ತಿದ್ದಾರೆಯೇ? ಬಟ್ಟೆ ಒಗೆಯಿರಿ, ದಿನಸಿ ತನ್ನಿ, ಔಷಧಿ ಅಂಗಡಿ ಹುಡುಕಿ. ನಿತ್ಯ ಔಷಧಿ ತೆಗೆದುಕೊಳ್ಳುವವರಾದರೆ ಬ್ರ್ಯಾಂಡ್ ಹೆಸರಲ್ಲ, ಅದರ ಮೂಲ ರಾಸಾಯನಿಕದ ಹೆಸರು ಹೇಳಿ ವಿಚಾರಿಸಿ.

ಮನೆ ನೋಡಲು ಹೋದಾಗ ಕಣ್ಣಿಗಿಂತ ಕೈಗೆ ಕೆಲಸ ಕೊಡಿ. ಅಡುಗೆಮನೆಯ ನಲ್ಲಿ, ಸ್ನಾನದ ನಲ್ಲಿ ಎರಡನ್ನೂ ಒಟ್ಟಿಗೆ ತಿರುಗಿಸಿ, ಒಂದರ ಧಾರೆ ಸಣ್ಣಗಾಗುತ್ತದೆಯೇ ನೋಡಿ. ಹೊರಗೋಡೆಗೆ ತಾಗಿ ನಿಂತ ಬೀರುವಿನ ಹಿಂದೆ ಅಂಗೈ ಹಾಕಿ. ಗೋಡೆ ತಣ್ಣಗೆ ಜಿನುಗುತ್ತಿದ್ದರೆ, ಬೆರಳಿಗೆ ಉಪ್ಪಿನಂಥ ಬಿಳಿ ಪುಡಿ ಅಂಟಿದರೆ, ಆ ಗೋಡೆಯಲ್ಲಿ ನೀರು ಇಳಿಯುತ್ತಿದೆ. ಹೊಸ ಬಣ್ಣ ಅದನ್ನು ಕೆಲವು ತಿಂಗಳು ಮರೆಮಾಡುತ್ತದೆ ಅಷ್ಟೆ. ಒಳಕೋಣೆಯಲ್ಲಿ ನಿಂತು ಫೋನ್ ಕರೆ ಮಾಡಿ. ಕಿಟಕಿ ತೆರೆದು ಎರಡು ನಿಮಿಷ ಸುಮ್ಮನೆ ಕೇಳಿಸಿಕೊಳ್ಳಿ, ರಾತ್ರಿ ಹನ್ನೊಂದಕ್ಕೆ ಮತ್ತೆ ಬಂದು ಅದೇ ಕಿಟಕಿಯ ಕೆಳಗೆ ಬೀದಿಯಲ್ಲಿ ನಿಂತು ಕೇಳಿ. ಮೊದಲ ಮನೆಗೆ ವರ್ಷದ ಕರಾರು ಬೇಡ. ಒಂದರಿಂದ ಮೂರು ತಿಂಗಳಿಗೆ ಸಿಗುವ ಕೋಣೆಯಲ್ಲಿ, ಇತರರ ಜೊತೆ ಹಂಚಿಕೊಂಡಾದರೂ ಇದ್ದು, ಊರು ಅರ್ಥವಾದ ಮೇಲೆ ಮನೆ ಮಾಡಿ. ಸಹಿ ಹಾಕುವ ಮುಂಚೆ ಮೂರು ಸಾಲು ಹುಡುಕಿ ಓದಿ: ಬಿಡಲು ಎಷ್ಟು ದಿನ ಮುಂಚೆ ತಿಳಿಸಬೇಕು, ಅವಧಿಗೆ ಮುಂಚೆ ಬಿಟ್ಟರೆ ಎಷ್ಟು ಕಡಿತ, ಠೇವಣಿ ಯಾವ ದಿನಕ್ಕೆ ವಾಪಸ್.

ಹೊರಡುವ ಮುನ್ನ ಕೈಯಲ್ಲಿ ಇರಬೇಕಾದ ಹಣ: ಠೇವಣಿ, ಮೊದಲ ತಿಂಗಳ ಬಾಡಿಗೆ, ದಲ್ಲಾಳಿಯಿದ್ದರೆ ಅವರ ಪಾಲು, ಮೂರು ತಿಂಗಳ ಖರ್ಚು, ವಾಪಸ್ ಬರುವ ಪ್ರಯಾಣದ ಹಣ. ಮೂರು ತಿಂಗಳು ಜಾಸ್ತಿಯಾಯಿತು ಅನ್ನಿಸಬಹುದು, ಆದರೆ ತಿಂಗಳ ಮಧ್ಯದಲ್ಲಿ ಕೆಲಸಕ್ಕೆ ಸೇರಿದರೆ ಮೊದಲ ಸಂಬಳ ಕೈಗೆ ಬರಲು ಆರು ವಾರ ಹಿಡಿಯಬಹುದು.

ಗೆಳೆಯರು ಸಿಗುತ್ತಾರೋ ಇಲ್ಲವೋ ಎಂಬ ನಿಮ್ಮ ಅಳುಕು ನ್ಯಾಯವಾದದ್ದೇ. ಇದನ್ನೂ ಗಂಟೆಗಳಲ್ಲೇ ಅಳೆಯಬಹುದು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಅಂದಾಜಿಸಿದ ಪ್ರಕಾರ, ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ಗೆಳೆತನ ಎನ್ನಲು 90, ಆಪ್ತರಾಗಲು 200ಕ್ಕೂ ಹೆಚ್ಚು. ವಾರಕ್ಕೆ ಎರಡು ಗಂಟೆ ಸಿಕ್ಕರೆ 50 ಗಂಟೆಗೆ 25 ವಾರ ಬೇಕು. ಪ್ರತಿ ಸಲ ಹೊಸ ಮುಖಗಳು ಬರುವ ಕಾರ್ಯಕ್ರಮಗಳಿಗೆ ಹೋದರೆ ಆ ಗಂಟೆಗಳು ಯಾರ ಜೊತೆಗೂ ಕೂಡಿಕೊಳ್ಳುವುದಿಲ್ಲ. ಅದೇ ಜನ, ವಾರದ ಅದೇ ದಿನ, ಅದೇ ಹೊತ್ತು ಸೇರುವಂಥದ್ದನ್ನು ಹಿಡಿಯಿರಿ: ಭಾಷೆಯ ತರಗತಿ, ಗಾಯನ ಗುಂಪು, ಆಟದ ತಂಡ, ಸ್ವಯಂಸೇವೆ. ಮನೆಯಿಂದ ಇಪ್ಪತ್ತು ನಿಮಿಷದೊಳಗೆ ಅಂಥ ಎರಡು ಗುಂಪು ಇರುವ ಬಡಾವಣೆ ನಿಮಗೆ ಸಾಕು. ಯಾರೋ ಒಬ್ಬ ಗೆಳೆಯನಿದ್ದಾನೆ ಎಂಬ ಒಂದೇ ಕಾರಣಕ್ಕೆ ಊರು ಆರಿಸಬೇಡಿ, ಆತನೂ ನಿಮ್ಮ ವಯಸ್ಸಿನವನೇ, ನಾಳೆ ಬೇರೆಡೆಗೆ ಹೊರಡಬಹುದು.

ಹೋದ ಮೇಲೆ ಎರಡು, ಮೂರನೇ ತಿಂಗಳಲ್ಲಿ ಮನಸ್ಸು ಕುಗ್ಗುವುದುಂಟು. ಹೊಸತನ ಮುಗಿದಿರುತ್ತದೆ, ಗೆಳೆತನದ ಗಂಟೆಗಳು ಇನ್ನೂ ತುಂಬಿರುವುದಿಲ್ಲ. ಆಗ ಊರು ಬಿಡುವ ತೀರ್ಮಾನ ಮಾಡಬೇಡಿ. ಹತ್ತನೇ ತಿಂಗಳ ಒಂದು ತಾರೀಖನ್ನು ಈಗಲೇ ಗುರುತು ಹಾಕಿ, ಇಂದು ಬರೆದ ಆ ಮೂರು ಷರತ್ತುಗಳನ್ನು ಅಂದು ತೆಗೆದು ಓದಿ. ಎರಡು ಮುರಿದುಬಿದ್ದಿದ್ದರೆ ಹೊರಡಿ. ಒಂದೇ ಆದರೆ ಮೊದಲು ಬಡಾವಣೆ ಬದಲಾಯಿಸಿ ನೋಡಿ. ವಾಪಸ್ ಪ್ರಯಾಣದ ಹಣವನ್ನು ಅಲ್ಲಿಯವರೆಗೆ ಮುಟ್ಟಬೇಡಿ. ಆದರೆ ಜೀವಕ್ಕೋ ಆರೋಗ್ಯಕ್ಕೋ ಅಪಾಯ ಅನ್ನಿಸಿದರೆ ಯಾವ ತಾರೀಖಿಗೂ ಕಾಯದೆ ಅದೇ ದಿನ ಹೊರಟುಬಿಡಿ.