ಪ್ರದರ್ಶನದ ನಡುವೆ ‘ಗುಟ್ಟು ಗೊತ್ತು’ ಎಂದು ಕೂಗುವವರನ್ನು ಜಾದೂಗಾರರು ಹೇಗೆ ನಿಭಾಯಿಸುತ್ತಾರೆ?

ಕೈಚಳಕ ಚೆನ್ನಾಗಿ ಬಂದರೆ ಜಾದೂವನ್ನೇ ವೃತ್ತಿಯಾಗಿ ನಂಬಬಹುದೇ, ಸಭೆಯಲ್ಲಿ ಯಾರಾದರೂ ‘ಗುಟ್ಟು ನನಗೆ ಗೊತ್ತು’ ಎಂದು ಕೂಗಿದರೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಆರತಕ್ಷತೆ, ಹುಟ್ಟುಹಬ್ಬ, ಶಾಲಾ ವಾರ್ಷಿಕೋತ್ಸವಗಳಲ್ಲಿ ಪ್ರದರ್ಶನ ನೀಡಿಯೇ ಸಂಸಾರ ನಡೆಸುತ್ತಿರುವ ನನ್ನ ಅನುಭವದಲ್ಲಿ, ಕೈಚಳಕಕ್ಕಿಂತ ಹೆಚ್ಚು ಶ್ರಮ ಬೇಡುವುದು ಎದುರಿಗೆ ಕುಳಿತವರನ್ನು ನಿಭಾಯಿಸುವ ಕೆಲಸವೇ.

ಮಕ್ಕಳ ಕೂಗನ್ನು ಅಡ್ಡಿ ಎಂದು ಭಾವಿಸಬೇಡಿ. ನಮ್ಮ ಎಷ್ಟೋ ಐಟಂಗಳು ಅವರು ಕೂಗಲೆಂದೇ ಹೆಣೆದಂಥವು. ಚೆಂಡು ಮಾಯವಾಯಿತೆಂದು ಬಲಗೈ ಬಿಚ್ಚಿ ತೋರಿಸಿದರೆ ‘ಎಡಗೈಯಲ್ಲಿದೆ’ ಎಂದು ಇಡೀ ಮುಂದಿನ ಸಾಲು ಎದ್ದು ನಿಲ್ಲುತ್ತದೆ. ಆಗ ನಾನು ಕೇಳಿಸದವನಂತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು, ಈ ಬಾರಿ ಎಡಗೈಯನ್ನಷ್ಟೇ ಬಿಚ್ಚುತ್ತೇನೆ. ಗದ್ದಲ ಇಮ್ಮಡಿಯಾಗುತ್ತದೆ. ಅದು ಏರುವಷ್ಟು ಏರಲು ಬಿಟ್ಟು, ಕೊನೆಗೆ ಎರಡನ್ನೂ ಒಟ್ಟಿಗೆ ಬಿಚ್ಚಿದಾಗ ಎರಡೂ ಖಾಲಿಯಿರುತ್ತವೆ.

ದೊಡ್ಡವರ ವಿಷಯ ಬೇರೆ. ಕೂಗುವ ಹಿರಿಯರಿಗೆ ಸಾಮಾನ್ಯವಾಗಿ ಗುಟ್ಟು ಬಯಲು ಮಾಡುವ ಹಟವಿರುವುದಿಲ್ಲ, ತಮ್ಮನ್ನೂ ನಾಲ್ಕು ಜನ ಗಮನಿಸಲಿ ಎಂಬ ಆಸೆಯಿರುತ್ತದೆ. ‘ಯಜಮಾನ್ರೇ, ನೀವು ಹೇಳೋದು ಸರಿ ಇರಬಹುದು, ಮುಗಿದ ಮೇಲೆ ನನಗೂ ಒಂಚೂರು ಹೇಳಿಕೊಡಿ’ ಎಂದು ಕೈಮುಗಿದರೆ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಅವರಿಗೊಂದು ಜವಾಬ್ದಾರಿ ವಹಿಸುತ್ತೇನೆ: ಸಭಿಕರೊಬ್ಬರಿಂದ ಪಡೆದ ಐನೂರರ ನೋಟಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು ಕೊನೆಯಲ್ಲಿ ಗಟ್ಟಿಯಾಗಿ ಓದುವ ಕೆಲಸ. ಸಾಕ್ಷಿಯಾದವರು ತಕರಾರು ತೆಗೆಯುವುದು ಅಪರೂಪ. ಅವರನ್ನು ಗೇಲಿ ಮಾಡಿ ಚಪ್ಪಾಳೆ ಗಿಟ್ಟಿಸುವ ಯೋಚನೆಯನ್ನಂತೂ ಬಿಟ್ಟುಬಿಡಿ. ಆ ಹಿರಿಯರು ಮದುಮಗಳ ಸೋದರಮಾವನೇ ಆಗಿರಬಹುದು, ಮುಜುಗರಪಡುವವರು ನಿಮ್ಮನ್ನು ಕರೆಸಿದವರು.

ವೇದಿಕೆಗೆ ಯಾರನ್ನು ಕರೆಯಬೇಕೆಂಬುದನ್ನು ನಾನು ಮೊದಲ ಎರಡು ಐಟಂಗಳ ಹೊತ್ತಿಗೇ ನಿರ್ಧರಿಸಿರುತ್ತೇನೆ. ಎಲ್ಲರಿಗಿಂತ ಮೊದಲು ಕೈಯೆತ್ತುವವರನ್ನಲ್ಲ, ಪಕ್ಕದವರೊಂದಿಗೆ ಮನಬಿಚ್ಚಿ ನಗುತ್ತಿರುವವರನ್ನು ಆರಿಸುತ್ತೇನೆ. ಬಂದವರ ಹೆಸರು ಕೇಳಿ, ಮುಖ ಸಭೆಯತ್ತ ಇರುವಂತೆ ನಿಲ್ಲಿಸಿ, ಮಗುವಾದರೆ ಅದರ ಎತ್ತರಕ್ಕೆ ಬಗ್ಗಿ ಮೈಕ್ ಹಿಡಿಯಬೇಕು. ಮುಟ್ಟಿದೊಡನೆ ತುಂಡು ತುಂಡಾಗಿ ಜೋತುಬೀಳುವ ಮಂತ್ರದಂಡವನ್ನು ಮಗುವಿನ ಕೈಗೆ ಕೊಡುವುದು ಹಳೆಯ ತಮಾಷೆ. ಆದರೆ ನಗು ಮಗುವಿನ ಮೇಲೆ ಬೀಳದೆ, ‘ಅಯ್ಯೋ, ಇದಕ್ಕೆ ಈಗಷ್ಟೇ ದುಡ್ಡು ಕೊಟ್ಟಿದ್ದೆ’ ಎಂದು ಗೋಳಾಡುವ ನನ್ನ ಮೇಲೆಯೇ ಬೀಳಬೇಕು. ಹೆಂಗಸರ ಒಡವೆಯನ್ನು ಮಾತ್ರ ನಾನು ಎಂದೂ ಎರವಲು ಕೇಳುವುದಿಲ್ಲ.

ಸಮಯವೂ ನಮ್ಮ ಹಿಡಿತದಲ್ಲಿರುವುದಿಲ್ಲ. ಮುಖ್ಯ ಅತಿಥಿಗಳು ತಡವಾಗಿ ಬಂದರೆ ಮುಕ್ಕಾಲು ಗಂಟೆಯ ಕಾರ್ಯಕ್ರಮವನ್ನು ಹದಿನೈದು ನಿಮಿಷಕ್ಕೆ ಇಳಿಸಬೇಕಾಗುತ್ತದೆ; ಆದ್ದರಿಂದ ಯಾವ ಐಟಂ ನಂತರ ಬೇಕಾದರೂ ನಮಸ್ಕಾರ ಹೇಳಿ ಇಳಿಯುವಂತೆ ಕ್ರಮ ಹೊಂದಿಸಿಕೊಳ್ಳಬೇಕು. 1956ರಲ್ಲಿ ಬಂಗಾಳದ ಹೆಸರಾಂತ ಜಾದೂಗಾರ ಪಿ.ಸಿ. ಸರ್ಕಾರ್ ಬಿಬಿಸಿಯ ನೇರಪ್ರಸಾರದಲ್ಲಿ ಯುವತಿಯನ್ನು ಗರಗಸದಿಂದ ಕೊಯ್ದು ತೋರಿಸಿ, ಆಕೆ ಏಳುವ ಮೊದಲೇ ಕಾರ್ಯಕ್ರಮ ಮುಗಿದುಹೋದಾಗ, ಗಾಬರಿಗೊಂಡ ವೀಕ್ಷಕರು ಬಿಬಿಸಿಗೆ ಕರೆ ಮಾಡತೊಡಗಿದರು. ಆ ಘಟನೆ ಅವರಿಗೆ ಭಾರಿ ಪ್ರಚಾರ ತಂದಿತೆನ್ನುವುದು ನಿಜ, ಆದರೆ ಶಾಲೆಯ ವೇದಿಕೆಯಲ್ಲಿ ನಮಗೆ ಆ ಭಾಗ್ಯವಿಲ್ಲ. ಅನುಕರಿಸುವುದಾದರೆ ಅವರ ‘ವಾಟರ್ ಆಫ್ ಇಂಡಿಯಾ’ವನ್ನು ನೋಡಿ: ಬರಿದಾದ ಪಾತ್ರೆಯಿಂದ ಐಟಂಗಳ ನಡುನಡುವೆ ಮತ್ತೆ ಮತ್ತೆ ನೀರು ಸುರಿಯುವ ಆ ಪುಟ್ಟ ಪ್ರಯೋಗ ಚದುರಿದ ಗಮನವನ್ನು ಪ್ರತಿ ಸಲವೂ ವೇದಿಕೆಗೆ ಮರಳಿಸುತ್ತದೆ.

ಈಗಂತೂ ಪ್ರತಿ ಕೈಯಲ್ಲೂ ಮೊಬೈಲ್ ಇದ್ದು, ಮನೆಗೆ ಹೋಗಿ ನಿಧಾನಗತಿಯಲ್ಲಿ ನೋಡುವವರಿದ್ದಾರೆ. ಚಿತ್ರೀಕರಣವನ್ನು ತಡೆಯಲು ಹೋದರೆ ಸಭೆ ಮುನಿಯುತ್ತದೆ. ನಾನು ಮೊದಲೇ ಹೋಗಿ ಬದಿಯ ಮತ್ತು ಬೆನ್ನ ಹಿಂದಿನ ಕುರ್ಚಿಗಳನ್ನು ತೆಗೆಸುತ್ತೇನೆ, ‘ಇನ್ನೊಮ್ಮೆ ಮಾಡಿ’ ಎಂದು ಎಷ್ಟೇ ಕೇಳಿಕೊಂಡರೂ ಅದೇ ಐಟಂ ಮತ್ತೆ ಮಾಡುವುದಿಲ್ಲ.

ಇನ್ನು ಜೀವನೋಪಾಯ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಬಿಡುವಿಲ್ಲದ ಓಡಾಟ, ಆಷಾಢದಲ್ಲಿ ಮತ್ತು ಪಿತೃಪಕ್ಷದಲ್ಲಿ ಹೆಚ್ಚುಕಡಿಮೆ ಖಾಲಿ. ಪಾರಿವಾಳ, ಮೊಲ ಬಳಸುವ ಆಲೋಚನೆಯಿದ್ದರೆ ಪ್ರದರ್ಶನ ಪ್ರಾಣಿಗಳ 2001ರ ನಿಯಮಗಳಂತೆ ನೋಂದಣಿ ಬೇಕು. ಕರವಸ್ತ್ರ, ಹಗ್ಗ, ಇಸ್ಪೀಟಿನಿಂದ ಆರಂಭಿಸುವುದು ಸುಲಭ. ಮತ್ತೊಂದು ಮಾತು: ಮುಂಗಡ ಪಡೆಯದೆ ತಾರೀಖು ಕೊಡಬೇಡಿ, ಬಾಕಿ ಹಣವನ್ನು ವೇದಿಕೆ ಹತ್ತುವ ಮೊದಲೇ ಕೇಳಿ ಪಡೆಯಿರಿ, ಏಕೆಂದರೆ ಕಾರ್ಯಕ್ರಮ ಮುಗಿದ ಮೇಲೆ ಮನೆಯ ಯಜಮಾನರು ಊಟದ ಪಂಕ್ತಿಯಲ್ಲಿ ಉಪಚಾರ ಮಾಡುತ್ತ ಕೈಗೆ ಸಿಗುವುದಿಲ್ಲ.