ತೆನೆ ಬಾಗುತ್ತಿಲ್ಲ, ಕಾಳು ಕಂದು: ಭತ್ತಕ್ಕೆ ಈಗ ಏನು ಹೊಡೆಯಲಿ?

ಪ್ರಶ್ನೆ: ನಮ್ಮೂರು ಹಾವೇರಿ ಕಡೆ. ಗೋವಾದ ಫೋಂಡಾ ಹತ್ತಿರ ಗದ್ದೆ ಮಾಡಿಕೊಂಡಿದ್ದೇವೆ. ಮಳೆಗಾಲಕ್ಕೆ ಹಾಕಿದ ಜ್ಯೋತಿ ಭತ್ತದ ತೆನೆ ಬಾಗಲೇ ಇಲ್ಲ, ನೆಟ್ಟಗೆ ನಿಂತಿದೆ. ಕಾಳು ಕಂದಾಗಿ ತುಂಬಾ ಜೊಳ್ಳಾಗಿದೆ. ಅಂಗಡಿಯವರು ಬೆಂಕಿ ರೋಗ ಅಂತ ಔಷಧಿ ಕೊಟ್ಟರು. ಹೊಡೆದರೂ ಗುಣ ಕಾಣಲಿಲ್ಲ. ಈಗ ಏನು ಹೊಡೆಯಲಿ?

ಉತ್ತರ: ಈಗ ಏನೂ ಹೊಡೆಯಬೇಡಿ. ಜೊಳ್ಳಾದ ಕಾಳು ಮತ್ತೆ ತುಂಬುವುದಿಲ್ಲ, ದುಡ್ಡು ಸುಮ್ನೆ ಹೋಗುತ್ತದೆ.

ನೀವು ಹೇಳಿದ್ದನ್ನು ನೋಡಿದರೆ ನನಗೆ ತೆನೆ ನುಸಿಯ ಮೇಲೇ ಜಾಸ್ತಿ ಅನುಮಾನ. ಇನ್ನೂ ಹಸಿರಾಗಿರುವ ನಾಲ್ಕಾರು ದಂಟು ಕಿತ್ತು, ತೆನೆಯ ಬುಡವನ್ನು ಸುತ್ತಿಕೊಂಡಿರುವ ಎಲೆಯ ಕವಚವನ್ನು ಮೆಲ್ಲಗೆ ಬಿಡಿಸಿ. ಒಳಮೈಯಲ್ಲಿ ಕಂದು ಕಲೆ ಉದ್ದಕ್ಕೆ ಹರಡಿದೆಯಾ? ಅಲ್ಲಿ 20 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದರೆ ಒಣಹುಲ್ಲಿನ ಬಣ್ಣದ ಚುಕ್ಕೆಗಳಂಥ ನುಸಿಗಳು ಹರಿದಾಡುವುದು ಕಾಣುತ್ತದೆ. ಉದ್ದ ಸುಮಾರು ಕಾಲು ಮಿಲಿಮೀಟರ್, ಬರಿಗಣ್ಣಿಗೆ ಸಿಗುವುದಿಲ್ಲ. ಕೆಲವು ಕಾಳು ಗಿಳಿ ಕೊಕ್ಕಿನ ಹಾಗೆ ಸೊಟ್ಟಗಾಗಿದ್ದರೆ ಅನುಮಾನ ಇನ್ನೂ ಗಟ್ಟಿ.

ಬೆಂಕಿ ರೋಗದ ಔಷಧಿ ಶಿಲೀಂಧ್ರಕ್ಕೆ, ಅದರಿಂದ ನುಸಿ ಸಾಯುವುದಿಲ್ಲ. ಜೊತೆಗೆ ಹೊತ್ತೂ ಮೀರಿತ್ತು. ಹೊಡೆ ಕಟ್ಟುವಾಗಲೇ, ಅಂದರೆ ತೆನೆ ಇನ್ನೂ ಕವಚದೊಳಗೇ ಇರುವಾಗ, ನುಸಿ ಅಲ್ಲಿ ಕೂತು ಎಳೆ ತೆನೆಯ ರಸ ಹೀರುತ್ತದೆ. ಕವಚ ಕೊಳೆಸುವ ಶಿಲೀಂಧ್ರವೂ ಅದರ ಹಿಂದೆಯೇ ಸೇರಿಕೊಳ್ಳುತ್ತದೆ. ಗಂಡು ಇಲ್ಲದಿದ್ದರೂ ಹೆಣ್ಣು ನುಸಿ ಮೊಟ್ಟೆ ಇಟ್ಟು ಗಂಡುಮರಿ ಮಾಡಿಕೊಂಡು, ಅವುಗಳ ಜೊತೆಗೇ ಕೂಡಿ ಸಂತಾನ ಬೆಳೆಸುತ್ತದೆ. ಅಂದರೆ ಒಂದೇ ಹೆಣ್ಣು ಸಾಕು. ಗೋವಾದ ಮಳೆಗಾಲದ ಸೆಕೆ, ತೇವ ಅದಕ್ಕೆ ಹೇಳಿ ಮಾಡಿಸಿದಂತಿದೆ.

ನಿಮ್ಮ ಕೈಯಲ್ಲಿರುವುದು ಮಳೆಗಾಲದ ಬೆಳೆ, ಗೋವಾದಲ್ಲಿ ಸೊರೊದ್ ಅನ್ನುವುದು. ಕೊಯ್ಲಾದ ಮೇಲೆ ಕೂಳೆ ಚಿಗುರಲು ಬಿಡಬೇಡಿ, ನುಸಿ ಅದರಲ್ಲೇ ಬದುಕಿ ಮುಂದಿನ ಪೈರಿಗೆ ದಾಟುತ್ತದೆ. ತಕ್ಷಣ ಉತ್ತು ಮಣ್ಣಿಗೆ ಸೇರಿಸಿ. ಬದುವಿನ ಕಾಡುಭತ್ತ, ಹುಲ್ಲು ತೆಗೆಯಿರಿ. ಈ ಗದ್ದೆಯ ಭತ್ತವನ್ನು ಬೀಜಕ್ಕೆ ಇಡಬೇಡಿ. ಸಸಿ ದಟ್ಟವಾಗಿ ನೆಡುವುದು, ಯೂರಿಯಾ ಒಂದೇ ಸಲ ಸುರಿಯುವುದು ಎರಡೂ ಬೇಡ.

ಮುಂದಿನ ಬೆಳೆ ಹೊಡೆ ಕಟ್ಟುವ ಹೊತ್ತಿಗೆ ವಾರಕ್ಕೊಮ್ಮೆ ಕವಚ ಬಿಡಿಸಿ ನೋಡಿ. ನುಸಿ ಸಿಕ್ಕರೆ ಮಾತ್ರ ಔಷಧಿ. ಪ್ರೊಫೆನೊಫಾಸ್ 50 ಇ.ಸಿ.ಯನ್ನು ಲೀಟರ್ ನೀರಿಗೆ 2 ಮಿ.ಲೀ. ಹಾಕಿ, ಕವಚ ನೆನೆಯುವಂತೆ ಹೊಡೆಯುವುದು ರೂಢಿಯಲ್ಲಿದೆ. ಕೊಳ್ಳುವ ಮೊದಲು ನಿಮ್ಮ ವಲಯ ಕೃಷಿ ಕಚೇರಿಯಲ್ಲಿ ಒಂದು ಮಾತು ಕೇಳಿ. ಇದು ಮೀನಿಗೆ ಕಡು ವಿಷ. ನಿಮ್ಮ ಗದ್ದೆಯ ನೀರು ಖಾಜನ್ (ಉಪ್ಪುನೀರಿಗೆ ಒಡ್ಡು ಕಟ್ಟಿದ ತಗ್ಗು ಗದ್ದೆಗಳು) ಕಡೆ ಹರಿಯುವುದಾದರೆ ದಯವಿಟ್ಟು ಹರಿಯಲು ಬಿಡಬೇಡಿ, ಅಲ್ಲಿ ಮೀನು, ಸಿಗಡಿ ನಂಬಿದವರಿದ್ದಾರೆ. ಹಳಬರು ಹೇಳುವ ಡೈಕೋಫಾಲ್ ಬೇಡವೇ ಬೇಡ. ಅದು 2019ರಲ್ಲೇ ವಿಷಕಾರಿ ರಾಸಾಯನಿಕಗಳ ಕುರಿತ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಿತ ಪಟ್ಟಿಗೆ ಸೇರಿದೆ.

ಲೆನ್ಸ್ ಇಲ್ಲದಿದ್ದರೆ ಕೊಯ್ಲಿಗೆ ಮೊದಲೇ ಬುಡಸಮೇತ ಕೆಲವು ದಂಟು ಕಿತ್ತು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಅದೇ ದಿನ ಹಳೇ ಗೋವಾದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಂಡೊಯ್ಯಿರಿ. ಒಣಗಿದ ದಂಟಿನಲ್ಲಿ ನುಸಿ ಹುಡುಕುವುದು ಕಷ್ಟ.