ಬೀಡಿ ಸೇದಲ್ಲ, ಬರೀ ಕಡ್ಡಿಪುಡಿ ಹಾಕ್ತಾರೆ, ಹಾರ್ಟಿಗೇನಾಗುತ್ತೆ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ದು ಚನ್ನಗಿರಿ ಹತ್ರ ಹಳ್ಳಿ, ಸ್ವಲ್ಪ ಅಡಿಕೆ ತೋಟ ಐತೆ. ನಮ್ಮಪ್ಪಾಜಿಗೆ 58 ವರ್ಷ, ದೀಪಾವಳಿ ಹೊತ್ತಿಗೆ ಹಾರ್ಟ್ ಅಟ್ಯಾಕ್ ಆಗಿ ದಾವಣಗೆರೆಲಿ ಸ್ಟೆಂಟ್ ಹಾಕ್ಸಿದ್ವಿ. ಬೀಡಿ ಸಿಗರೇಟು ಮುಟ್ಟಿದವರಲ್ಲ, ಆದ್ರೆ ಎಲೆ ಅಡಿಕೆ ಜೊತೆ ಕಡ್ಡಿಪುಡಿ ಬೇಕೇ ಬೇಕು, ಮನೆಗೆ ಬಂದು ವಾರಕ್ಕೇ ಮತ್ತೆ ಶುರು ಮಾಡ್ಕೊಂಡ್ರು. "ಹೊಗೆನೇ ಒಳಗೆ ಹೋಗಲ್ಲ, ಎದೆಗೇನು ಸಂಬಂಧ" ಅಂತಾರೆ. ಏನ್ ಹೇಳ್ಲಿ?
— ಓದುಗರು, ಚನ್ನಗಿರಿ ತಾಲೂಕು

ಉತ್ತರ: ನೋಡಮ್ಮ, ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತೆ, ಯಾಕಂದ್ರೆ ತಂಬಾಕು ಜಗಿದ್ರೆ ಬಾಯಿ ಕ್ಯಾನ್ಸರ್ ಅನ್ನೋದು ಈಗ ಮಕ್ಕಳಿಗೂ ಗೊತ್ತು, ಹಾರ್ಟ್ ಸುದ್ದಿ ಮಾತ್ರ ಯಾರೂ ಎತ್ತಲ್ಲ. ಅಪ್ಪಾಜಿ ದವಡೆಲಿ ಇಟ್ಕೊಳ್ಳೋ ಕಡ್ಡಿಪುಡಿಯಲ್ಲಿರೋ ನಿಕೋಟಿನ್ ಕೆನ್ನೆಯ ಒಳಚರ್ಮದಿಂದಲೇ ಸೀದಾ ರಕ್ತಕ್ಕೆ ಹೋಗುತ್ತೆ, ಎಲೆಗೆ ಹಚ್ಚೋ ಸುಣ್ಣ ಅದನ್ನ ಇನ್ನೂ ಬೇಗ ಒಳಗೆ ಬಿಡುತ್ತೆ. ರಕ್ತಕ್ಕೆ ಹೋದ ಮೇಲೆ ಎದೆಬಡಿತ ಜೋರಾಗುತ್ತೆ, ಬಿಪಿ ಏರುತ್ತೆ, ರಕ್ತನಾಳ ಬಿಗಿಯುತ್ತೆ. ಸಿಗರೇಟು ಕೆಲವೇ ನಿಮಿಷಕ್ಕೆ ಮುಗಿಯುತ್ತೆ, ಇದು ಬಾಯಲ್ಲಿ ಇರೋ ತನಕ ನಿಕೋಟಿನ್ ಇಳೀತಾನೇ ಇರುತ್ತೆ, ಒಂದು ಉಗುಳಿ ಇನ್ನೊಂದು ಹಾಕ್ಕೊಂಡ್ರೆ ಹಾರ್ಟಿಗೆ ಬಿಡುವು ಎಲ್ಲಿಂದ ಬರಬೇಕು ಹೇಳಿ.

52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ತಂಬಾಕಿನ ಲೆಕ್ಕ 2006ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ ಬಂತು. ಬರೀ ಜಗಿಯೋರಲ್ಲೂ ಹಾರ್ಟ್ ಅಟ್ಯಾಕ್ ಅಪಾಯ ಎರಡು ಪಟ್ಟಿಗಿಂತ ಜಾಸ್ತಿ, ಜಗಿಯೋದರ ಜೊತೆ ಸೇದೋರಲ್ಲಿ ನಾಲ್ಕು ಪಟ್ಟು.

ಅಪ್ಪಾಜಿಗೆ ಹೆದರಿಸೋ ಬದಲು ಇದನ್ನ ಹೇಳಿ. ಸ್ವೀಡನ್ನಲ್ಲಿ ಸ್ನೂಸ್ ಅಂತ ತುಟಿ ಒಳಗೆ ಇಟ್ಕೊಳ್ಳೋ ತಂಬಾಕು ಇದೆ, ಅಲ್ಲಿ ಅಟ್ಯಾಕ್ ಆದವರನ್ನ ಸುಮಾರು ಎರಡು ವರ್ಷ ಗಮನಿಸಿ 2014ರಲ್ಲಿ ಒಂದು ವರದಿ ಬಂತು, ಬಿಟ್ಟವರಲ್ಲಿ ಸಾವಿನ ಅಪಾಯ ಬಿಡದವರಿಗಿಂತ ಹೆಚ್ಚುಕಮ್ಮಿ ಅರ್ಧ. ಸ್ಟೆಂಟಿಗೆ ಅಷ್ಟು ದುಡ್ಡು ಸುರಿದಿದ್ದೀರಿ, ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಬಿಟ್ಟ ಮೊದಲ ವಾರ ಸಿಡಿಮಿಡಿ, ತಲೆನೋವು, ನಿದ್ದೆ ಬರದೆ ಒದ್ದಾಟ ಎಲ್ಲಾ ಇರುತ್ತೆ, ಮನೆಯವರು ಆಗ ರೇಗಬೇಡಿ. ಆಸೆ ಎದ್ದಾಗ ಕೆಲವು ನಿಮಿಷ ತಡ್ಕೊಂಡ್ರೆ ಇಳಿಯುತ್ತೆ, ಅಷ್ಟೊತ್ತು ಲವಂಗ, ಸೋಂಪು ಬಾಯಿಗೆ ಹಾಕ್ಲಿ. ತೋಟದ್ದೇ ಅಡಿಕೆ ಅಲ್ವಾ ಅಂತ ಬರೀ ಅಡಿಕೆ ಕೊಡಬೇಡಿ, ಅದೂ ಕ್ಯಾನ್ಸರ್ ತರೋದೇ, ಮೇಲಾಗಿ ಅಡಿಕೆ ಕೈಗೆ ಬಂದ್ರೆ ಕಡ್ಡಿಪುಡಿ ನೆನಪಾಗುತ್ತೆ. ತಂಬಾಕಿನ ಚಟ ಬಿಡಿಸೋಕೆ ಜಗಿಯೋ ನಿಕೋಟಿನ್ ಗಮ್ ತರೋ ಮುಂಚೆ ಸ್ಟೆಂಟ್ ಹಾಕಿದ ಡಾಕ್ಟರನ್ನೇ ಕೇಳಿ, ಅಟ್ಯಾಕ್ ಆಗಿ ಇನ್ನೂ ಜಾಸ್ತಿ ದಿನ ಆಗಿಲ್ಲ. ತಂಬಾಕು ಬಿಡೋರಿಗೆ ಸರ್ಕಾರದ್ದೇ ಉಚಿತ ಫೋನ್ ಲೈನ್ ಇದೆ, 1800 11 2356, ಅಪ್ಪಾಜಿ ಕೈಲೇ ಮಾತಾಡ್ಸಿ.

ಪ್ರಶ್ನೆ: ಬಿಪಿ ಚೆಕ್ ಮಾಡ್ಸೋ ದಿನ ಖೈನಿ ಹಾಕಬಹುದಾ ಸಾರ್?
— ಓದುಗರು, ಚಳ್ಳಕೆರೆ

ಉತ್ತರ: ಹಾಕಿದ್ರೆ ಬಿಪಿ ಜಾಸ್ತಿ ತೋರಿಸಬಹುದು, ಅದಕ್ಕೇ ಅರ್ಧ ಗಂಟೆ ಮುಂಚೆಯಿಂದ ತಂಬಾಕು, ಕಾಫಿ ಬೇಡ ಅಂತೀವಿ. ಆದ್ರೆ ಚೆಕ್ ಮಾಡ್ಸೋ ದಿನ ಮಾತ್ರ ಬಿಟ್ಟು ಉಳಿದ ದಿನ ಹಾಕಿದ್ರೆ ನಮಗೆ ಸಿಗೋದು ನಿಮ್ಮ ದಿನನಿತ್ಯದ ಬಿಪಿ ಅಲ್ಲ, ಮಾತ್ರೆ ಡೋಸೂ ತಪ್ಪುತ್ತೆ. ಖೈನಿ ಹಾಕೋ ವಿಷಯ ಡಾಕ್ಟರ್ ಹತ್ರ ಮುಚ್ಚಿಡಬೇಡಿ.